ಬಲೆ ಬೀಸದೆ ಆಳಸಮುದ್ರದ ಮೀನನ್ನೆಣಿಸುವ ಬಗೆ

ಟಾಸ್ಮೇನಿಯ ದ್ವೀಪದ ದಕ್ಷಿಣಕ್ಕೆ, ನೀರಿನೊಳಗೇ ಅಡಗಿರುವ ಬೆಟ್ಟಗಳ ಸಮೂಹವೊಂದುಂಟು. 1999ರಲ್ಲಿ ಇವುಗಳಲ್ಲಿ ಕೆಲವನ್ನು ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. 2007ರಲ್ಲಿ ಅದು ಹ್ಯೂಆನ್ ಎಂಬ ವಿಶಾಲತರವಾದ ವಲಯದಲ್ಲಿ ಸೇರಿಹೋಯಿತು. ಹೀಗೆ ಕಾಯ್ದಿಟ್ಟ ಕಡಲಿನಲ್ಲಿ ಜೀವಿಗಳು ಹೆಚ್ಚಿದುವೋ ಕುಗ್ಗಿದುವೋ ಎಂಬುದನ್ನು ಎಣಿಸಿಯೇ ತಿಳಿಯಬೇಕಷ್ಟೆ. ಎಣಿಕೆಯ ಹಳೆಯ ಸಾಧನವಾದರೋ ತಳವನ್ನು ಗೋರುತ್ತ ಸಾಗುವ ಬಲೆ. ಅದು ಮೀನಿನೊಡನೆ, ಶತಮಾನಗಳಿಂದ ಬೆಳೆದ ಹವಳವನ್ನೂ ಕಿತ್ತು ತರುವುದು. ಕಾಯಬೇಕಾದುದನ್ನೇ ಕೊಂದು ಲೆಕ್ಕವಿಡುವುದು ನಮಗೆ ಯುಕ್ತವಾಗಿ ತೋರುವುದಿಲ್ಲ.

ಆ ಕಡಲಿನ ಆರೆಂಜ್ ರಫಿ ಎಂಬ ಮೀನನ್ನೇ ತೆಗೆದುಕೊಳ್ಳೋಣ. ಸುಮಾರು 1,000 ಮೀಟರ್ ಆಳದ ಈ ನಿವಾಸಿ ನೂರು ವರ್ಷಕ್ಕೂ ಮಿಗಿಲಾಗಿ ಬದುಕಬಲ್ಲುದೆಂದು ಅದರ ಕಿವಿಗಲ್ಲಿನ ಉಂಗುರಗಳಿಂದ ತಿಳಿದುಬಂದಿದೆ. ಅದು ಪ್ರಾಯಕ್ಕೆ ಬರಲು ಮೂವತ್ತು ವರ್ಷಗಳಷ್ಟು ಬೇಕು. ಆದುದರಿಂದ 1999ರ ಸಂರಕ್ಷಣೆಯ ಫಲ ಇಷ್ಟರಲ್ಲಿಯೇ ಕಾಣಲಿಲ್ಲವೆಂದು ಅವಸರಪಡುವುದು ತರವಲ್ಲ.

ಬಲೆಗೆ ಬದಲಾಗಿ ಶಬ್ದವನ್ನು ಬಳಸಬಹುದು. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರ್ ಚಲಿಸುವುದರಿಂದ, 1,000 ಮೀಟರ್ ಆಳದ ಮೀನಿನ ಪ್ರತಿಧ್ವನಿ ಹಡಗಿಗೆ ಮರಳಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಸಾಕು. ತೊಡಕಿರುವುದು ಬೇರೆಡೆ. ಬಹುತೇಕ ಮೀನುಗಳ ಪ್ರತಿಧ್ವನಿ ಅವುಗಳ ಗಾಳಿಚೀಲದಿಂದ ಹುಟ್ಟತಕ್ಕದ್ದು. ರಫಿಯ ಚೀಲದಲ್ಲಾದರೋ ಗಾಳಿಯಿಲ್ಲ, ಮೇಣದಂಥ ಕೊಬ್ಬಿದೆ. ಹೀಗಾಗಿ ಬೆರಳುದ್ದದ ಬೇರೊಂದು ಮೀನು ಈ ದೊಡ್ಡ ಮೀನಿಗಿಂತ ಗಟ್ಟಿಯಾಗಿ ಓಗೊಡುವುದುಂಟು! ಇದಕ್ಕೆ ಕಂಡುಕೊಂಡ ಉಪಾಯವೆಂದರೆ 38 ಮತ್ತು 120 ಕಿಲೋಹರ್ಟ್ಸ್‌ಗಳ ಎರಡು ಶಬ್ದಗಳನ್ನು ಜೊತೆಯಾಗಿ ಕಳುಹಿಸುವುದು. ಗಾಳಿಚೀಲವುಳ್ಳ ಮೀನುಗಳು ಮೊದಲನೆಯದಕ್ಕೆ ಹೆಚ್ಚಾಗಿಯೂ ರಫಿಯು ಎರಡನೆಯದಕ್ಕೆ ಹೆಚ್ಚಾಗಿಯೂ ಪ್ರತಿಧ್ವನಿಸುವುವು. ಆದರೆ 120ರ ಶಬ್ದ ಬಹುದೂರ ಸಾಗದೆ ಕ್ಷೀಣಿಸುವುದರಿಂದ ಉಪಕರಣವನ್ನೇ ಮೀನಿನ ಸಮೀಪಕ್ಕೆ ಇಳಿಸಬೇಕಾಗುತ್ತದೆ. ಟಾಸ್ಮೇನಿಯದ ಪೂರ್ವದಲ್ಲಿ, ರಫಿಗಳು ಮೊಟ್ಟೆಯಿಡಲು ನೆರೆಯುವ ಸೇಂಟ್ ಹೆಲೆನ್ಸ್ ಗುಡ್ಡದ ಮೇಲೆ ಈ ಕ್ರಮವನ್ನು ಪ್ರಯೋಗಿಸಲಾಗಿದೆ.

ದಕ್ಷಿಣದ ಬೆಟ್ಟಗಳ ಮೇಲೆ 2018ರಲ್ಲಿ ಇನ್ವೆಸ್ಟಿಗೇಟರ್ ಎಂಬ ಸಂಶೋಧನ ನೌಕೆ ಕ್ಯಾಮೆರಾವನ್ನು ಎಳೆದು ಚಿತ್ರಗಳನ್ನು ಸಂಗ್ರಹಿಸಿತು. ಹವಳಕ್ಕೆ ಇದು ಒಪ್ಪುವ ವಿಧಾನ. ಮೀನಿಗಾದರೋ ಬೆಳಕೂ ಸದ್ದೂ ಬೆದರಿಕೆಯಾಗುವುವು. ಕೆಲವು ಸರಿದುಹೋಗುವುವು, ಕೆಲವು ಕುತೂಹಲದಿಂದ ಬಳಿಸಾರುವುವು. ಚಿತ್ರದಲ್ಲಿ ಕಂಡಷ್ಟೇ ಇದ್ದುವೆಂದು ನಾವು ಹೇಳಲಾರೆವು.

ಶಬ್ದದ ಲೆಕ್ಕವೂ ನಿರ್ದೋಷವಲ್ಲ. ಒಂಟಿ ಮೀನಿನ ಪ್ರತಿಧ್ವನಿಯನ್ನು ಅಳೆಯುವಲ್ಲಿ 3 ಡೆಸಿಬೆಲ್ ತಪ್ಪಿದರೆ ಒಟ್ಟು ಸಂಖ್ಯೆ ಇಮ್ಮಡಿಯೋ ಅರ್ಧವೋ ಆಗಿಬಿಡುವುದು. ಜೊತೆಗೆ, ಬೆಟ್ಟದ ಇಳಿಜಾರಿಗೆ ಅಂಟಿದಂತೆ ನಿಂತ ಮೀನಿನ ದನಿಯನ್ನು ಬಂಡೆಯ ಪ್ರತಿಧ್ವನಿಯೇ ನುಂಗಿಬಿಡುತ್ತದೆ.