ಸಕ್ಕರೆ ಕಾಯಿಲೆ ಇದ್ದರೆ ಜೊತೆಗೆಲಸದವರಿಗೆ ಹೇಳಿಡಿ: ಉಪವಾಸ, ರಾತ್ರಿ ಭೋಜನ ತ್ಯಾಗ ಪಾಲಿಸುವ ಉದ್ಯೋಗಸ್ಥರು ತಿಳಿದಿರಬೇಕಾದ ಸಂಗತಿಗಳು

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ, ಅಲ್ಲಿನ ಅಪ್ಯಾರಲ್ ಪಾರ್ಕ್, ದೇವನಹಳ್ಳಿಯ ವಿಮಾನ ನಿಲ್ದಾಣ, ಹೊಸಕೋಟೆ ಮತ್ತು ನೆಲಮಂಗಲದ ಗೋದಾಮುಗಳು, ದಾಬಸ್‌ಪೇಟೆಯ ಕಾರ್ಖಾನೆಗಳು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಇಂಥ ಕಡೆ ಕೆಲಸವೆಂದರೆ ಬಹುಪಾಲು ಪಾಳಿಯ ಕೆಲಸ. ಊಟದ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ, ಕ್ಯಾಂಟೀನಿನ ಗಂಟೆ ಹೇಳಿದಂತೆ ಕೇಳಬೇಕು. ಇದರ ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದು, ಮನೆತನದ ವ್ರತ ನಿಯಮಗಳೂ ಇದ್ದರೆ ಅಂಥವರು ದಿನವೂ ಮೂರು ಗಡಿಯಾರಗಳನ್ನು ನೋಡಿಕೊಂಡು ನಡೆಯಬೇಕು: ಪಾಳಿಯದು, ಔಷಧದ್ದು, ಸೂರ್ಯಾಸ್ತದ್ದು.

ಇಷ್ಟಾದರೂ ನಮ್ಮಲ್ಲಿ ಅನೇಕರು ಕಾಯಿಲೆಯ ಸುದ್ದಿಯನ್ನು ಕೆಲಸದ ಜಾಗದಲ್ಲಿ ಎತ್ತುವುದಿಲ್ಲ. ಬಡ್ತಿಗೆ ಅಡ್ಡಿಯಾದೀತು, ಕೈಲಾಗದವನೆಂದಾರು, ಮದುವೆಗೆ ಬಂದ ಮಕ್ಕಳಿದ್ದಾರೆ ಎಂಬ ಅಳುಕು. ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಇದು ಮುಚ್ಚಿಡುವಂಥ ಅಪರೂಪದ ಕಾಯಿಲೆಯಲ್ಲ. ಆದರೆ ಮುಚ್ಚಿಟ್ಟಾಗ ನಮಗೆ ಆಗುವ ಅಪಾಯ ಮಾತ್ರ ಉಳಿದವರಿಗಿಂತ ಒಂದು ತೂಕ ಹೆಚ್ಚು.

ನಮಗೇ ಇರುವ ಅಪಾಯ ಯಾವುದು?

ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರಿಗೆ ಹೊತ್ತಿಗೆ ಊಟ ಸಿಗದಿದ್ದರೆ ರಕ್ತದ ಸಕ್ಕರೆ ಥಟ್ಟನೆ ಇಳಿಯಬಹುದು. ಅಳತೆ 70ಕ್ಕಿಂತ ಕೆಳಗಿಳಿದರೆ ಅದನ್ನು ‘ಲೋ ಶುಗರ್’ ಎನ್ನುತ್ತಾರೆ. ಮೊದಲು ಬೆವರು, ಕೈ ನಡುಕ, ಎದೆ ಬಡಿತ, ಹಸಿವು. ಆಮೇಲೆ ತಲೆ ಮಂಕಾಗುವುದು, ಮಾತು ತೊದಲುವುದು, ಕಾರಣವಿಲ್ಲದೆ ಸಿಡುಕುವುದು. ಇನ್ನೂ ಇಳಿದರೆ ಎಚ್ಚರ ತಪ್ಪುತ್ತದೆ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಅಪರೂಪ.

ಬೇರೆಯವರಿಗೆ ಹೀಗಾದರೆ ಪಕ್ಕದವರು ಕೂಡಲೇ ಟೀಯೋ ಬಿಸ್ಕತ್ತೋ ಕೊಟ್ಟಾರು. ನಮ್ಮವರ ವಿಷಯದಲ್ಲಿ ಹಾಗಾಗದೆ ಹೋಗಬಹುದು. ‘ಅವರು ಜೈನರು, ಸಂಜೆಯ ಮೇಲೆ ತಿನ್ನುವುದಿಲ್ಲ’, ‘ಇವತ್ತು ಅವರದು ಉಪವಾಸ’, ‘ಹೊರಗಿನದು ಏನೂ ಮುಟ್ಟುವುದಿಲ್ಲ’ ಎಂಬುದು ಜೊತೆಗೆಲಸದವರಿಗೆಲ್ಲ ಗೊತ್ತಿರುತ್ತದೆ. ದಶಲಕ್ಷಣ ಪರ್ವದ ದಿನಗಳಲ್ಲಿ ಒಬ್ಬರು ಮಂಕಾಗಿ ಕೂತರೆ ‘ಉಪವಾಸದ ಆಯಾಸ, ಸುಮ್ಮನೆ ಬಿಡಿ’ ಎಂದುಕೊಳ್ಳುವುದು ಸಹಜ. ನಮ್ಮ ವ್ರತಕ್ಕೆ ಅವರು ತೋರಿಸುವ ಗೌರವವೇ ಆ ಹೊತ್ತಿನಲ್ಲಿ ನಮಗೆ ಮುಳುವಾಗಬಹುದು. ಆದ್ದರಿಂದ ‘ನನಗೆ ಶುಗರ್ ಇದೆ’ ಎಂದಷ್ಟೇ ಹೇಳಿದರೆ ಸಾಲದು. ‘ಹೀಗಾದಾಗ ಇದನ್ನು ಕೊಡಬಹುದು, ಕೊಡಲೇಬೇಕು’ ಎಂಬ ಅನುಮತಿಯನ್ನು ಮೊದಲೇ ಕೊಟ್ಟಿರಬೇಕು.

ಯಾರಿಗೆ ಹೇಳಬೇಕು?

ಇಡೀ ಕಾರ್ಖಾನೆಗೆ ಡಂಗುರ ಸಾರಬೇಕಿಲ್ಲ. ಮೂವರಿಗೆ ಹೇಳಿದರೆ ಸಾಕು.

- ಪಕ್ಕದಲ್ಲೇ ಕೆಲಸ ಮಾಡುವ ಒಬ್ಬರು. ಪಾಳಿ ಬದಲಾದಾಗ ಆ ಪಾಳಿಯ ಒಬ್ಬರು.
- ಮೇಲ್ವಿಚಾರಕರು. ಬಿಡುವಿನ ಹೊತ್ತು ಹೊಂದಿಸಿಕೊಡುವುದು ಅವರ ಕೈಯಲ್ಲಿದೆ.
- ಪ್ರಥಮ ಚಿಕಿತ್ಸೆ ನೋಡಿಕೊಳ್ಳುವವರು ಅಥವಾ ಕಂಪನಿಯ ನರ್ಸ್.

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮನೆಗಳಂಥ ಚಿಕ್ಕ ಘಟಕಗಳಲ್ಲಿ ನರ್ಸ್ ಇರುವುದಿಲ್ಲ. ಅಲ್ಲಿ ಮಾಲೀಕರಿಗೆ ಮತ್ತು ಪಕ್ಕದ ಮಗ್ಗದವರಿಗೆ ಹೇಳಿ. ಮಗ್ಗದ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ, ಆದ್ದರಿಂದ ‘ಕೈಯಿಂದ ಹೀಗೆ ಮಾಡಿದರೆ ನನಗೆ ಶುಗರ್ ಇಳಿದಿದೆ ಎಂದರ್ಥ’ ಎಂದು ಒಂದು ಸನ್ನೆಯನ್ನೂ ಗೊತ್ತುಮಾಡಿಕೊಳ್ಳಿ. ಫೋರ್ಕ್‌ಲಿಫ್ಟ್, ಲಾರಿ, ಕಂಪನಿ ವಾಹನ ಓಡಿಸುವವರು ಮತ್ತು ಎತ್ತರದಲ್ಲಿ ಕೆಲಸ ಮಾಡುವವರು ಮೇಲ್ವಿಚಾರಕರಿಗೆ ಹೇಳದೆ ಇರಲೇಬಾರದು. ಅಲ್ಲಿ ಜೊತೆಯವರ ಜೀವವೂ ನಮ್ಮ ಕೈಯಲ್ಲಿರುತ್ತದೆ.

ಹೇಗೆ ಹೇಳುವುದು?

ಕೆಲಸದ ಗಡಿಬಿಡಿಯಲ್ಲಿ ಬೇಡ. ಟೀ ಬಿಡುವಿನಲ್ಲಿ ಎರಡು ನಿಮಿಷ ಸಾಕು. ಹೆಚ್ಚುಕಡಿಮೆ ಹೀಗೆ:

“ನನಗೆ ಶುಗರ್ ಇದೆ, ಔಷಧ ತಗೋತಿದ್ದೀನಿ. ಒಂದೊಂದ್ಸಲ ಇದ್ದಕ್ಕಿದ್ದ ಹಾಗೆ ಇಳಿದುಬಿಡುತ್ತೆ. ನಾನು ಬೆವರಿ, ನಡುಗಿ, ಏನೇನೋ ಮಾತಾಡಿದರೆ ನನ್ನ ಬ್ಯಾಗಿನ ಮುಂದಿನ ಜೇಬಲ್ಲಿ ಗ್ಲೂಕೋಸ್ ಡಬ್ಬಿ ಇದೆ, ನೀರಲ್ಲಿ ಕಲಸಿ ಕುಡಿಸಿ. ಉಪವಾಸ ಇದ್ದರೂ ಸರಿ, ರಾತ್ರಿ ಆಗಿದ್ದರೂ ಸರಿ, ಯೋಚನೆ ಮಾಡಬೇಡಿ. ಎಚ್ಚರ ತಪ್ಪಿದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ, ಆಮೇಲೆ ಮನೆಗೆ ತಿಳಿಸಿ.”

ಇದನ್ನೇ ಒಂದು ಚೀಟಿಯಲ್ಲಿ ಕನ್ನಡ ಮತ್ತು ಹಿಂದಿಯಲ್ಲಿ ಬರೆದು ಡಬ್ಬಿಯೊಳಗೆ ಇಡಿ. ಈ ಭಾಗದ ಕಾರ್ಖಾನೆಗಳಲ್ಲಿ ಉತ್ತರ ಭಾರತದಿಂದ ಬಂದ ಕೆಲಸಗಾರರೂ ಬಹಳ ಮಂದಿ ಇದ್ದಾರೆ.

ಡಬ್ಬಿಯಲ್ಲಿ ಏನಿರಬೇಕು?

ಶುಗರ್ ಇಳಿದಾಗ ಬೇಕಾದದ್ದು ಸುಮಾರು 15 ಗ್ರಾಂ ಬೇಗ ಕರಗುವ ಸಿಹಿ. 3 ಟೀ ಚಮಚ ಗ್ಲೂಕೋಸ್ ಪುಡಿ, ಅಷ್ಟೇ ಸಕ್ಕರೆ, ಇಲ್ಲವೇ ಅರ್ಧ ಲೋಟ ಹಣ್ಣಿನ ರಸ. ಕೊಟ್ಟು 15 ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು. ಇನ್ನೂ 70ಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಬೇಕು. ಸರಿಹೋದ ಮೇಲೆ ಏನಾದರೂ ಆಹಾರ ತೆಗೆದುಕೊಳ್ಳಬೇಕು. ಇಲ್ಲಿ ಕೆಲವು ಸೂಕ್ಷ್ಮಗಳಿವೆ.

- ಪ್ರಥಮ ಚಿಕಿತ್ಸೆಯ ಎಷ್ಟೋ ಕೈಪಿಡಿಗಳಲ್ಲಿ ಜೇನುತುಪ್ಪ ಕೊಡಿ ಎಂದಿರುತ್ತದೆ. ಮದ್ಯ, ಮಾಂಸ, ಮಧು ತ್ಯಾಗ ಮಾಡಿರುವ ನಮಗೆ ಅದು ಬೇಡ. ಗ್ಲೂಕೋಸ್ ನಾವೇ ಇಟ್ಟುಕೊಂಡಿದ್ದರೆ ಈ ಪ್ರಶ್ನೆಯೇ ಬರುವುದಿಲ್ಲ.
- ಸೋಸಿ ಕಾಯಿಸಿದ ನೀರನ್ನೇ ಕುಡಿಯುವವರು ತಮ್ಮ ಬಾಟಲಿಯನ್ನು ಡಬ್ಬಿಯ ಪಕ್ಕದಲ್ಲೇ ಇಡಿ.
- ಮೈಸೂರು ಪಾಕ್, ಪೇಡ, ಚಾಕೊಲೇಟ್ ಆ ಹೊತ್ತಿಗೆ ಒಳ್ಳೆಯದಲ್ಲ. ಅವುಗಳಲ್ಲಿನ ತುಪ್ಪ, ಕೊಬ್ಬು ಸಿಹಿಯನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತದೆ.
- ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಅದು ಕರುಳಿನಲ್ಲಿ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಅವರಿಗೆ ಗ್ಲೂಕೋಸೇ ಆಗಬೇಕು. ನಿಮ್ಮ ಔಷಧದ ಚೀಟಿಯನ್ನು ಒಮ್ಮೆ ನೋಡಿಕೊಳ್ಳಿ.

ಪಾಳಿ ಮತ್ತು ಸೂರ್ಯಾಸ್ತ

ಮಧ್ಯಾಹ್ನ 2ರಿಂದ ರಾತ್ರಿ 10ರ ಪಾಳಿಯವರಿಗೆ ಊಟದ ಬಿಡುವು ಕತ್ತಲಾದ ಮೇಲೆ ಬರುತ್ತದೆ. ಈ ಭಾಗದಲ್ಲಿ ನವೆಂಬರಿನಲ್ಲಿ 6 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಜುಲೈನಲ್ಲಿ 6.45 ದಾಟುತ್ತದೆ. 5.30ಕ್ಕೆ ಉಂಡು ಮರುದಿನ 7ಕ್ಕೆ ತಿಂದರೆ ನಡುವೆ ಹದಿಮೂರೂವರೆ ಗಂಟೆಯ ಅಂತರ. ಅದರ ನಡುವೆ ರಾತ್ರಿಯ ಇನ್ಸುಲಿನ್, ಜೊತೆಗೆ ನಿಂತು ದುಡಿಯುವ ಕೆಲಸ.

ಇದಕ್ಕೆ ಎರಡು ಕಡೆ ಮಾತನಾಡಬೇಕು. ಮೇಲ್ವಿಚಾರಕರ ಬಳಿ ‘ನನ್ನ ಬಿಡುವನ್ನು ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಹಾಕಿಕೊಡಿ, ಆಮೇಲಿನ ಬಿಡುವಿನಲ್ಲಿ ನಾನು ಕೆಲಸ ನೋಡಿಕೊಳ್ಳುತ್ತೇನೆ’ ಎಂದು ಕೇಳಿ. ಬಿಡುವನ್ನೇ ಹೆಚ್ಚು ಕೇಳುತ್ತಿಲ್ಲ, ಹೊತ್ತು ಬದಲಿಸಿ ಎನ್ನುತ್ತಿದ್ದೇವೆ. ವೈದ್ಯರ ಒಂದು ಚೀಟಿ ಜೊತೆಗಿದ್ದರೆ ಅವರಿಗೂ ಮೇಲಿನವರಿಗೆ ಉತ್ತರ ಹೇಳಲು ಅನುಕೂಲ. ವೈದ್ಯರ ಬಳಿ ‘ನಾನು ಸಂಜೆಯ ಮೇಲೆ ಉಣ್ಣುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ಹಾಗೆ ಹೇಳದಿದ್ದರೆ ಅವರು ರಾತ್ರಿ 8.30ರ ಊಟವನ್ನು ಲೆಕ್ಕ ಹಿಡಿದು ಔಷಧ ಬರೆಯುತ್ತಾರೆ. ಪ್ರಮಾಣವನ್ನು ನಾವೇ ಕೂಡಿಸಿ ಕಳೆಯಬಾರದು.

ಉಪವಾಸದ ದಿನಗಳು

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿವರೆಗಿನ ದಶಲಕ್ಷಣವಿರಲಿ, ಶ್ವೇತಾಂಬರರ ಎಂಟು ದಿನದ ಪರ್ಯೂಷಣವಿರಲಿ, ಒಂದೂವರೆ ತಿಂಗಳು ಮೊದಲೇ ವೈದ್ಯರನ್ನು ಕಾಣಿ. ಟೈಪ್ 1 ಮಧುಮೇಹಿಗಳು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು, ಈಚೆಗೆ ಶುಗರ್ ಇಳಿದು ಎಚ್ಚರ ತಪ್ಪಿದವರು ಉಪವಾಸಕ್ಕೆ ಕೈ ಹಾಕಬಾರದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯವರು ನೀರೂ ಕುಡಿಯದೆ ಉಪವಾಸವಿದ್ದರೆ ದೇಹ ಒಣಗಿ ರಕ್ತ ಆಮ್ಲೀಯವಾಗುವ ಅಪಾಯವಿದೆ. ಅಂದು ಕೆಲಸಕ್ಕೆ ಹೋಗಲೇಬೇಕಾದರೆ ಯಂತ್ರದಿಂದ ದೂರದ ಕೆಲಸ ಕೇಳಿಕೊಳ್ಳಿ, ಗ್ಲೂಕೋಮೀಟರ್ ಜೊತೆಗಿರಲಿ. ಬೆರಳು ಚುಚ್ಚಿ ಪರೀಕ್ಷಿಸಿದರೆ ಏನನ್ನೂ ಸೇವಿಸಿದಂತಾಗುವುದಿಲ್ಲ. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಉಪವಾಸ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

‘ಹಾಗಾದರೆ ವ್ರತಭಂಗವಲ್ಲವೇ?’ ಎಂಬ ಪ್ರಶ್ನೆ ಬರುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಃ ತಪ’ ಒಂದು, ಅಂದರೆ ಶಕ್ತಿಗೆ ತಕ್ಕಷ್ಟು ತಪಸ್ಸು. ಶ್ವೇತಾಂಬರ ಪರಂಪರೆಯ ಪಚ್ಚಕ್ಖಾಣದಲ್ಲಿ ‘ಆಗಾರ’ ಎಂಬ ವಿನಾಯಿತಿಗಳನ್ನು ಮೊದಲೇ ಹೇಳಿರುತ್ತದೆ. ಅವುಗಳಲ್ಲೊಂದು ತೀವ್ರ ಅನಾರೋಗ್ಯದಲ್ಲಿ ಸಮಾಧಿ ಕೆಡದಿರಲೆಂದು ಔಷಧ ಸೇವಿಸುವುದಕ್ಕೆ ಸಂಬಂಧಿಸಿದ್ದು. ವ್ರತ ಹಿಡಿಯುವ ಮುನ್ನವೇ ಮುನಿಗಳು, ಮಾತಾಜಿಯವರು ಅಥವಾ ಭಟ್ಟಾರಕರ ಬಳಿ ಕಾಯಿಲೆಯನ್ನು ತಿಳಿಸಿ, ಅವರ ಮಾರ್ಗದರ್ಶನದಂತೆ ನಿಯಮ ತೆಗೆದುಕೊಳ್ಳಿ. ತಪಸ್ಸು ಹನ್ನೆರಡು ಬಗೆ, ಅನಶನ ಅವುಗಳಲ್ಲಿ ಒಂದು ಮಾತ್ರ. ರಸಪರಿತ್ಯಾಗ, ಸ್ವಾಧ್ಯಾಯ, ವೈಯಾವೃತ್ತ್ಯ, ಧ್ಯಾನ ಇವೆಲ್ಲ ಮಧುಮೇಹಿಗಳಿಗೂ ತೆರೆದ ದಾರಿಗಳೇ.

ಇನ್ಸುಲಿನ್ ಬಗ್ಗೆ ಒಂದು ಮಾತು

‘ಇನ್ಸುಲಿನ್ ಪ್ರಾಣಿಯಿಂದ ತೆಗೆದದ್ದಲ್ಲವೇ, ನೀವು ತಗೋಬಹುದಾ?’ ಎಂದು ಜೊತೆಗೆಲಸದವರು ಕೇಳಬಹುದು, ಮನೆಯ ಹಿರಿಯರೂ ಕೇಳಬಹುದು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾದ ಮೇಲೆ ದಶಕಗಳ ಕಾಲ ಅದನ್ನು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದದ್ದು ನಿಜ. 1982ರಿಂದ ಬ್ಯಾಕ್ಟೀರಿಯಾದ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಬಳಕೆಗೆ ಬಂತು. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಯೀಸ್ಟ್ ಮೂಲಕ ತಯಾರಿಸಿದ ಇನ್ಸುಲಿನ್ ಹೊರತಂದಿತು. ಇಂದು ವೈದ್ಯರು ಸಾಮಾನ್ಯವಾಗಿ ಬರೆಯುವ ಇನ್ಸುಲಿನ್‌ಗಾಗಿ ಪ್ರಾಣಿಯ ಅಂಗ ತೆಗೆಯುವುದಿಲ್ಲ. ಈ ಕಾರಣಕ್ಕೆ ಬಚ್ಚಲುಮನೆಯಲ್ಲಿ ಅಡಗಿ ಚುಚ್ಚಿಕೊಳ್ಳಬೇಕಿಲ್ಲ. ಶುಚಿಯಾದ ಒಂದು ಜಾಗ ಕೇಳಿ ಪಡೆಯಿರಿ. ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿಡಿ, ಕಸ ಗುಡಿಸುವವರ ಕೈಗೆ ತಾಗಬಾರದು. ಹಿಂಸೆಯ ವಿಚಾರ ಅಲ್ಲಿಗೂ ಅನ್ವಯಿಸುತ್ತದೆ.

ನಾವೇ ಮಾಲೀಕರಾಗಿರುವಲ್ಲಿ

ಈ ತಾಲ್ಲೂಕು ಕೇಂದ್ರಗಳ ಪೇಟೆ ಬೀದಿಗಳಲ್ಲಿ ಜೈನರ ಬಟ್ಟೆ, ಚಿನ್ನಬೆಳ್ಳಿ ಅಂಗಡಿಗಳಿವೆ. ಅಲ್ಲಿ ದುಡಿಯುವವರಲ್ಲೂ ಸಕ್ಕರೆ ಕಾಯಿಲೆಯವರಿದ್ದಾರೆ. ಹಬ್ಬದ ವ್ಯಾಪಾರದ ಹೊತ್ತಿನಲ್ಲಿ ಅವರ ಊಟ 4 ಗಂಟೆಗೆ ಜಾರದಂತೆ ನೋಡಿಕೊಳ್ಳುವುದು, ಗಲ್ಲಾಪೆಟ್ಟಿಗೆಯ ಬಳಿ ಒಂದು ಗ್ಲೂಕೋಸ್ ಪೊಟ್ಟಣ ಇಡುವುದು, ‘ಯಾರಿಗಾದರೂ ಶುಗರ್ ಇದ್ದರೆ ಹೇಳಿ, ಕೆಲಸಕ್ಕೆ ತೊಂದರೆಯಿಲ್ಲ’ ಎಂದು ನಾವಾಗಿಯೇ ಹೇಳುವುದು, ಇವು ಅಹಿಂಸೆಯ ಸಣ್ಣ ಆದರೆ ನಿಜವಾದ ಆಚರಣೆಗಳು. ಮಾಲೀಕರೇ ಮಾತು ತೆಗೆದರೆ ಹೇಳುವವರ ಅಳುಕು ಅರ್ಧ ಇಳಿಯುತ್ತದೆ.

ಬಸದಿ ಮತ್ತು ಸಂಘದ ಸಮಿತಿಗಳು ಪರ್ವಕ್ಕೆ ಒಂದು ತಿಂಗಳು ಮೊದಲು ಒಂದು ಭಾನುವಾರ ವೈದ್ಯರನ್ನು ಕರೆಸಿ ಈ ಮಾತುಗಳನ್ನು ಎಲ್ಲರ ಮುಂದೆ ಆಡಿಸಬಹುದು. ಕುಟುಂಬಗಳು ಮಾಡಬೇಕಾದದ್ದು ಅದಕ್ಕಿಂತ ಸುಲಭ: ಮನೆಯಲ್ಲಿ ಔಷಧ ತೆಗೆದುಕೊಳ್ಳುವವರು ಇದ್ದರೆ ‘ಕೆಲಸದಲ್ಲಿ ಯಾರಿಗೆ ಹೇಳಿದ್ದೀರಿ? ಅವರ ಫೋನ್ ನಂಬರ್ ಏನು?’ ಎಂದು ಇಂದೇ ಕೇಳಿ. ಯಾರಿಗೂ ಹೇಳಿಲ್ಲ ಎಂಬ ಉತ್ತರ ಬಂದರೆ ನಾಳೆಯ ಊಟದ ಬುತ್ತಿಯ ಜೊತೆಗೆ ಗ್ಲೂಕೋಸ್ ಡಬ್ಬಿಯನ್ನೂ ಆ ಚೀಟಿಯನ್ನೂ ಕಟ್ಟಿಕೊಡಿ.

ಜೈ ಜಿನೇಂದ್ರ.