ಅಟ್ಟದ ಮೇಲಿನ ಹಳೆಯ ಬೈಸಿಕಲ್ಲು

ಅಟ್ಟದಲ್ಲಿ ತುಕ್ಕು ಹಿಡಿದ ರಾಡ್ ಬ್ರೇಕಿನ ಬೈಸಿಕಲ್ಲನ್ನು ಗುಜರಿಗೆ ಹಾಕುವ ಮುನ್ನ ರೈತ ಬಾಂಧವರು ಒಮ್ಮೆ ಯೋಚಿಸಬೇಕು. ಅದರ 28 ಅಂಗುಲದ ಚಕ್ರಕ್ಕೆ ಟೈರು, ಟ್ಯೂಬು ಇಂದಿಗೂ ಸಿಗುತ್ತವೆ. ಸುಗ್ಗಿಯ ನಂತರದ ಬಿಡುವಿಗೆ ಇದು ಒಳ್ಳೆಯ ಹವ್ಯಾಸ. ಆದರೆ ಚೌಕಟ್ಟಿನ ಕೂಡುಗಳಲ್ಲಿ ಬಿರುಕಿದ್ದರೆ ಆ ಗಾಡಿಯ ಆಸೆ ಬಿಡಿರಿ.

ಅವಸರದಿಂದ ಕೆಡುವುದು ಹೆಚ್ಚಾಗಿ ಪೆಡಲಿನ ತೋಳನ್ನು ಹಿಡಿದಿರುವ ಕಾಟರ್ ಪಿನ್ನು. ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟು ನೆನೆಸಿರಿ. ಬೆಳಿಗ್ಗೆ ನಟ್ಟನ್ನು ಪಿನ್ನಿನ ತುದಿಗೆ ಸಮವಾಗಿ ಸಡಿಲಿಸಿ, ತೋಳಿನ ಕೆಳಗೆ ಕಬ್ಬಿಣದ ಕೊಳವೆಯ ಆಸರೆ ಕೊಟ್ಟು, ಸುತ್ತಿಗೆಯಿಂದ ನೇರವಾಗಿ ಹೊಡೆಯಿರಿ. ಆಸರೆಯಿಲ್ಲದಿದ್ದರೆ ಪೆಟ್ಟು ಒಳಗಿನ ಗುಂಡುಗಳಿಗೆ ಬೀಳುತ್ತದೆ. ಎಡ ಪೆಡಲಿನ ತಿರುಪು ಉಲ್ಟಾ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.

ಹಳೆಯ ಬಣ್ಣವನ್ನು ಉಜ್ಜಿ ತೆಗೆಯಬೇಡಿರಿ. ಹೊಸ ಬಣ್ಣಕ್ಕಿಂತ ಅದೇ ಚೆಂದ. ಬ್ರೇಕು ಗಟ್ಟಿಯಾಗಿ ಹಿಡಿಯುವವರೆಗೆ ಹಾಲಿನ ಕ್ಯಾನು ಹೇರಬೇಡಿರಿ.