ಬೂಟ್ ಲೋಡರ್‌ಗೆ ಸಿಸ್ಟಂ ಕಾಲ್ ಸೇರಿಸುವುದು: ಹಿಂದಿರುಗುವಾಗಿನ ತೊಡಕು

ಇವತ್ತು ಹಳೆಯ ಬಯೋಸ್ ಪಿಸಿಯ ಬೂಟ್ ಲೋಡರ್ ಬಗ್ಗೆ ಮಾತಾಡ್ತೇನೆ. ಯುಇಎಫ್ಐ ಮಾತು ಕೊನೆಗೆ ಬರುತ್ತೆ.

ಬಯೋಸ್ ಡಿಸ್ಕಿನ ಮೊದಲ ಸೆಕ್ಟರಿನ 512 ಬೈಟ್‌ಗಳನ್ನು ಮೆಮೊರಿಗೆ ತಂದು ಅಲ್ಲಿಗೆ ಹಾರುತ್ತದೆ. ಅಷ್ಟರಲ್ಲಿ ಹೆಚ್ಚೇನೂ ಹಿಡಿಯದು. ಹಾಗಾಗಿ ಲೋಡರ್ ತನ್ನ ಉಳಿದ ಭಾಗವನ್ನು ತಾನೇ ಓದಿಕೊಳ್ಳುತ್ತದೆ, ಫ್ಯಾಟ್ ಕಡತಗಳನ್ನು ಹುಡುಕುವ ಕೋಡ್ ಆ ಭಾಗದಲ್ಲಿರುತ್ತದೆ. ಈಗ ಮೆನು ತೋರಿಸುವ ಒಂದು ಪುಟ್ಟ ಪ್ರೋಗ್ರಾಂ ಬೇಕು ಅಂದ್ಕೊಳ್ಳಿ. ಅದರಲ್ಲೂ ಫ್ಯಾಟ್ ಕೋಡ್ ಮತ್ತೆ ಬರೀಬೇಕಾ? ಬೇಡ, ಲೋಡರನ್ನೇ ಕೇಳಿದರಾಯ್ತು. ಆ ಕೇಳುವ ದಾರಿಯೇ ಸಿಸ್ಟಂ ಕಾಲ್. ಸಿಸ್‌ಲಿನಕ್ಸ್ ಮಾಡಿದ್ದು ಇದನ್ನೇ. ಹೆಕ್ಸಾ 22ನೇ ಇಂಟರಪ್ಟ್ ಅದರ ಬಾಗಿಲು; ಎಎಕ್ಸ್ ರಿಜಿಸ್ಟರಿನಲ್ಲಿ ಕೆಲಸದ ಸಂಖ್ಯೆ. 1 ಅಂದರೆ ಆವೃತ್ತಿ ಹೇಳು, 2 ಅಂದರೆ ಸಾಲನ್ನು ಪರದೆಗೆ ಬರೆ, 6 ಕಡತ ತೆರೆ, 7 ಓದು.

ಬಾಗಿಲು ಇಡುವುದು ಸುಲಭ. ಮೆಮೊರಿಯ ಸೊನ್ನೆಯಿಂದ ಇಂಟರಪ್ಟ್ ಕೋಷ್ಟಕ ಶುರು, ಒಂದೊಂದಕ್ಕೆ 4 ಬೈಟ್. ಹೆಕ್ಸಾ 22 ಅಂದರೆ 34. ಆದ್ದರಿಂದ 136ನೇ ವಿಳಾಸದಲ್ಲಿ ನಮ್ಮ ಹ್ಯಾಂಡ್ಲರಿನ ಆಫ್‌ಸೆಟ್, ಅದರ ಪಕ್ಕ ಸೆಗ್ಮೆಂಟ್. ಹ್ಯಾಂಡ್ಲರ್ ಎಎಕ್ಸ್ ನೋಡಿ ತನ್ನ ಪಟ್ಟಿಯಿಂದ ಸರಿಯಾದ ಕೋಡಿಗೆ ಹಾರುತ್ತದೆ. ಪಟ್ಟಿಯಲ್ಲಿಲ್ಲದ ಸಂಖ್ಯೆ ಬಂದರೆ ತಡೆಯಬೇಕು, ಇಲ್ಲದಿದ್ದರೆ ಎಲ್ಲಿಗೋ ಹಾರಿ ಯಂತ್ರ ಸ್ತಬ್ಧ.

ಕಷ್ಟ ಇರೋದು ಇನ್ನೆರಡು ಕಡೆ. ಇಂಟರಪ್ಟ್ ಆದಾಗ ಸಿಪಿಯು ಫ್ಲ್ಯಾಗ್ಸ್, ಸಿಎಸ್, ಐಪಿ ಮೂರನ್ನು ಸ್ಟ್ಯಾಕಿಗೆ ತಳ್ಳಿ ಹೊಸ ಕೋಡಿಗೆ ಹೋಗುತ್ತದೆ. ಡಿಎಸ್ ಮಾತ್ರ ಕರೆದವರದ್ದೇ ಉಳಿಯುತ್ತೆ. ಅದನ್ನು ಉಳಿಸಿಟ್ಟು ಲೋಡರಿನ ಡಿಎಸ್ ಹಾಕದಿದ್ದರೆ ನಮ್ಮ ಪಟ್ಟಿಯನ್ನು ಬೇರೆಯವರ ಮೆಮೊರಿಯಲ್ಲಿ ಹುಡುಕ್ತೀವಿ.

ಎರಡನೆಯದು ನನ್ನ ಎರಡು ಸಂಜೆ ತಿಂದಿತು. ಕಡತ ಸಿಗಲಿಲ್ಲ ಎಂದು ತಿಳಿಸಲು ಕ್ಯಾರಿ ಫ್ಲ್ಯಾಗ್ ಏರಿಸಿ 'ಐರೆಟ್' ಮಾಡಿದೆ. ಕರೆದ ಪ್ರೋಗ್ರಾಮಿಗೆ ದೋಷವೇ ಕಾಣಲಿಲ್ಲ, ಇಲ್ಲದ ಕಡತವನ್ನು ಖುಷಿಯಾಗಿ ಓದಲು ಹೊರಟಿತು! ಯಾಕೆ? 'ಐರೆಟ್' ಸ್ಟ್ಯಾಕಿನಲ್ಲಿದ್ದ ಹಳೆಯ ಫ್ಲ್ಯಾಗ್ಸ್ ವಾಪಸ್ ತುಂಬುತ್ತದೆ. ನಾನು ಏರಿಸಿದ್ದು ಅಳಿಸಿಹೋಯಿತು. ಬದಲಾಯಿಸಬೇಕಾದ್ದು ಸ್ಟ್ಯಾಕಿನ ಪ್ರತಿಯನ್ನು. ಹ್ಯಾಂಡ್ಲರ್ ಶುರುವಿನಲ್ಲಿ ಬಿಪಿ ತಳ್ಳಿ ಅದಕ್ಕೆ ಎಸ್‌ಪಿ ತುಂಬಿದರೆ ಫ್ಲ್ಯಾಗ್ಸ್ ಇರೋದು ಬಿಪಿಯಿಂದ 6 ಬೈಟ್ ಮೇಲೆ, ಕ್ಯಾರಿ ಅದರ ಕೊನೆಯ ಬಿಟ್. ಕೆಲಸ ಆದಾಗ ಅದನ್ನು ಇಳಿಸಲೂ ಮರೀಬೇಡಿ.

ಕಾಸರಗೋಡಿನಿಂದ ಸೇರಿಕೊಂಡವರೊಬ್ಬರು ಚಾಟಿನಲ್ಲಿ ಕೇಳಿದ್ದಾರೆ: ಇಂಟರಪ್ಟ್ ಯಾಕೆ, ಫಂಕ್ಷನ್ ಪಾಯಿಂಟರ್ ಕೊಟ್ಟರೆ ಸಾಲದೇ? ಸಾಕು. ಯು-ಬೂಟ್ ಹಾಗೇ ಮಾಡುತ್ತೆ: ಮೆಮೊರಿಯಲ್ಲಿ 'ಯುಬೂಟ್ಎಪಿಐ' ಎಂಬ 8 ಬೈಟ್ ಗುರುತು, ಅದರ ಜೊತೆ ಪ್ರವೇಶ ವಿಳಾಸ. ಯುಇಎಫ್ಐ ಪಾಯಿಂಟರುಗಳ ಇಡೀ ಕೋಷ್ಟಕವನ್ನೇ ಕೊಡುತ್ತೆ. ಇಂಟರಪ್ಟ್ ಆದರೆ ಲೋಡರ್ ಎಲ್ಲಿ ಕುಳಿತಿದೆ ಎಂದು ಕರೆಯುವವರು ಹುಡುಕಬೇಕಿಲ್ಲ, ಅಷ್ಟೇ.

ಆದರೆ ಈ ಬಾಗಿಲು ರಿಯಲ್ ಮೋಡಿಗೆ ಮಾತ್ರ. ಕರ್ನಲ್ ಪ್ರೊಟೆಕ್ಟೆಡ್ ಮೋಡಿಗೆ ಹೋಗಿ ತನ್ನದೇ ಇಂಟರಪ್ಟ್ ಕೋಷ್ಟಕ ಹಾಕಿಕೊಂಡ ಮೇಲೆ ನಮ್ಮ 22ಕ್ಕೆ ಬೆಲೆ ಇಲ್ಲ. ಲೋಡರಿನಿಂದ ಕೇಳಬೇಕಾದ್ದನ್ನೆಲ್ಲ ಅದಕ್ಕೂ ಮೊದಲೇ ಕೇಳಿಟ್ಟುಕೊಳ್ಳಬೇಕು.